ಹಳದಿ ಬಾವುಟ ಏರಿಸಿ, ದೋಣಿಯಲ್ಲೇ ಕೂತಿರಿ

ನಿವೃತ್ತಿಯ ನಂತರ ಹಾಯಿದೋಣಿಯಲ್ಲಿ ದೂರಯಾನ: ಓದುಗರ ಪ್ರಶ್ನೆಗಳಿಗೆ ಉತ್ತರ

ಯಾವ ದೋಣಿ ಕೊಳ್ಳಲಿ, ಹಾಯಿ ಹೇಗೆ ಕಟ್ಟಲಿ, ಲಂಗರು ಹೇಗೆ ಹಾಕಲಿ ಎಂದು ಕೇಳಿದವರಿಗೆ ಇಲ್ಲಿ ಉತ್ತರ ಇಲ್ಲ. ಅದನ್ನು ಓದಿ ಕಲಿಯಲು ಆಗುವುದಿಲ್ಲ, ತರಬೇತಿ ಶಾಲೆಗೆ ಹೋಗಿ. ಪದೇ ಪದೇ ಬರುವ, ತಪ್ಪು ತಿಳಿವಳಿಕೆಯೇ ತುಂಬಿರುವ ಪ್ರಶ್ನೆ ಬಂದರಿನದು. ಆದ್ದರಿಂದ ಈ ಸಲ ಅದಕ್ಕೇ ಹೆಚ್ಚು ಜಾಗ.

ಪ್ರಶ್ನೆ: ನಾನು, ನನ್ನ ಹೆಂಡತಿ ಇಬ್ಬರೂ ನಿವೃತ್ತರು, ಭಾರತೀಯ ಪಾಸ್‌ಪೋರ್ಟ್. ಪನಾಮಾದಿಂದ ಪೆಸಿಫಿಕ್ ದ್ವೀಪಗಳಾದ ಮಾರ್ಕೇಸಸ್, ತಹೀತಿ, ಫಿಜಿ ದಾರಿಯಾಗಿ ಆಸ್ಟ್ರೇಲಿಯಾ ತಲುಪುವ ಯೋಜನೆ. ಹಾಯಿದೋಣಿಯವರಿಗೆ ವೀಸಾ ಬಂದರಿನಲ್ಲೇ ಕೊಡುತ್ತಾರಂತೆ, ಸೀಮನ್ ಬುಕ್ ಇದ್ದರೆ ಅದೂ ಬೇಡವಂತೆ. ನಿಜವೇ? ಬಂದರು ತಲುಪಿದ ಮೇಲೆ ಏನೇನು ಮಾಡಬೇಕು? ಅಧಿಕಾರಿಗಳ ಕೈ ಬೆಚ್ಚಗೆ ಮಾಡಬೇಕೇ?

ಹಾಗೆ ಹೇಳಿದವರ ವಿಳಾಸ ಇಟ್ಟುಕೊಂಡಿರಿ, ದಂಡ ಕಟ್ಟುವಾಗ ಬೇಕಾಗುತ್ತದೆ. ಸೀಮನ್ ಬುಕ್ ಇರುವುದು ವ್ಯಾಪಾರಿ ಹಡಗಿನಲ್ಲಿ ದುಡಿಯುವವರಿಗೆ. ಸ್ವಂತ ದೋಣಿಯಲ್ಲಿ ತಿರುಗಾಡುವವರಿಗೆ ಅದು ವೀಸಾ ಆಗುವುದಿಲ್ಲ. ವಾಟ್ಸ್ಆ್ಯಪ್‌ನಲ್ಲಿ "ಎಲ್ಲ ದೇಶಕ್ಕೂ ಯಾಟ್ ವೀಸಾ" ಮಾರುವವರು ಮಾರುತ್ತಿರುವುದು ಬರೀ ಗಾಳಿ.

ವೀಸಾದಲ್ಲಿ ಎರಡು ಕಡೆ ಜನ ಎಡವುತ್ತಾರೆ. ಮೊದಲನೆಯದು, ಇ-ವೀಸಾ ಮತ್ತು ಆನ್-ಅರೈವಲ್ ಸೌಲಭ್ಯ ಅನೇಕ ದೇಶಗಳಲ್ಲಿ ವಿಮಾನ ನಿಲ್ದಾಣಕ್ಕಷ್ಟೇ ಸೀಮಿತ. ರಾಯಭಾರ ಕಚೇರಿಗೆ ಬರೆಯುವಾಗ "ಸ್ವಂತ ದೋಣಿಯಲ್ಲಿ ಸಮುದ್ರದ ದಾರಿಯಾಗಿ ಬರುತ್ತೇವೆ" ಎಂದು ಸ್ಪಷ್ಟವಾಗಿ ಬರೆದು, ಉತ್ತರವನ್ನೂ ಬರಹದಲ್ಲೇ ಪಡೆಯಿರಿ. ಎರಡನೆಯದು, ಮಾರ್ಕೇಸಸ್ ಮತ್ತು ತಹೀತಿ ಫ್ರಾನ್ಸಿಗೆ ಸೇರಿದವು ನಿಜ, ಆದರೆ ಯುರೋಪಿನ ಷೆಂಗೆನ್ ವೀಸಾ ಅಲ್ಲಿ ನಡೆಯುವುದಿಲ್ಲ. ಫ್ರೆಂಚ್ ಪಾಲಿನೇಷ್ಯಾಕ್ಕೆಂದೇ ಕೊಟ್ಟ ವೀಸಾ ಬೇಕು. ಆಸ್ಟ್ರೇಲಿಯಾಕ್ಕಂತೂ ದೋಣಿಯಲ್ಲಿರುವ ಪ್ರತಿಯೊಬ್ಬರ ವೀಸಾ ಹೊರಡುವ ಮೊದಲೇ ಕೈಯಲ್ಲಿರಬೇಕು.

ಇನ್ನು ಕಾಗದ. ಪ್ರತಿ ದೇಶ ಬಿಡುವಾಗಲೂ ನಿರ್ಗಮನ ಪತ್ರ ಪಡೆಯಬೇಕು. ಸ್ಪ್ಯಾನಿಷ್ ಮಾತಾಡುವ ಕಡೆ ಅದನ್ನು ಸಾರ್ಪೆ ಅನ್ನುತ್ತಾರೆ. ಮುಂದಿನ ಬಂದರಿನವರು ಮೊದಲು ಕೇಳುವುದೇ ಅದನ್ನು. "ಎರಡು ದಿನ ತಾನೇ ಇದ್ದದ್ದು, ಯಾರೂ ನೋಡಲಿಲ್ಲ" ಎಂದು ಸುಮ್ಮನೆ ಲಂಗರು ಎತ್ತಿ ಬಂದವರು ಮೂರು ಸಾವಿರ ಮೈಲಿ ಆಚೆ ಸಿಕ್ಕಿಬೀಳುತ್ತಾರೆ, ವಾಪಸ್ ಹೋಗಿ ತರಲಿಕ್ಕಾಗುತ್ತದೆಯೇ? ಪತ್ರದಲ್ಲಿ ಬರೆದ ಬಂದರು ಬಿಟ್ಟು ಹವಾಮಾನದಿಂದಾಗಿ ಬೇರೆ ಕಡೆ ಹೋಗಬೇಕಾದರೆ ದಿನಾಂಕ, ಸಮಯ, ಗಾಳಿಯ ವೇಗ ಸಮೇತ ಲಾಗ್‌ಬುಕ್ಕಿನಲ್ಲಿ ಆಗಲೇ ಬರೆದಿಡಿ. ಬಂದರಿಗೆ ಬಂದ ಮೇಲೆ ಬರೆದದ್ದು ಶಾಯಿ ನೋಡಿದರೇ ಗೊತ್ತಾಗುತ್ತದೆ.

ಬರುತ್ತಿದ್ದೇವೆ ಎಂಬ ಮುಂಗಡ ಸೂಚನೆ, ದಾರಿಯಲ್ಲಿ ಅಲ್ಲಿಗೂ ಹೋಗುವುದಾದರೆ, ನ್ಯೂಜಿಲೆಂಡಿಗೆ ಕನಿಷ್ಠ 48 ಗಂಟೆ, ಆಸ್ಟ್ರೇಲಿಯಾಕ್ಕೆ 96 ಗಂಟೆ ಮೊದಲು ತಲುಪಬೇಕು. ನಡುನೀರಿನಲ್ಲಿ ಸೂಚನೆ ಕಳಿಸುತ್ತೇವೆ ಅನ್ನಬೇಡಿ, ಹಿಂದಿನ ಬಂದರಿನಲ್ಲೇ ಕಳಿಸಿ ಪ್ರತಿ ಇಟ್ಟುಕೊಳ್ಳಿ.

ಒಂದು ಗಟ್ಟಿ ಫೋಲ್ಡರ್ ಮಾಡಿ. ದೋಣಿಯ ನೋಂದಣಿ ಪತ್ರದ ಅಸಲು, ವಿಮೆ, ರೇಡಿಯೊ ಪರವಾನಗಿ, ಪಾಸ್‌ಪೋರ್ಟ್, ನಿರ್ಗಮನ ಪತ್ರ, ಎಂಜಿನ್ನು, ಡಿಂಗಿ (ದಡಕ್ಕೆ ಹೋಗುವ ಪುಟ್ಟ ದೋಣಿ), ಅದರ ಔಟ್‌ಬೋರ್ಡ್ ಎಂಜಿನ್ನುಗಳ ಸೀರಿಯಲ್ ನಂಬರು, ವೈದ್ಯರ ಚೀಟಿಯ ಜೊತೆ ಔಷಧಿಗಳ ಪಟ್ಟಿ. ಔಷಧಿಗೆ ಬ್ರ್ಯಾಂಡ್ ಹೆಸರಲ್ಲ, ಜೆನೆರಿಕ್ ಹೆಸರು ಬರೆಸಿ. ಟ್ರಾಮಡಾಲ್, ಕೊಡೀನ್ ಇರುವ ಮಾತ್ರೆ, ಕೆಮ್ಮಿನ ಔಷಧಿ ಇದ್ದರೆ ಚೀಟಿ ಇಲ್ಲದೆ ಹೊರಡಲೇಬೇಡಿ. ದೋಣಿಯಲ್ಲಿರುವವರ ಪಟ್ಟಿ ಹತ್ತು ಪ್ರತಿ ಇರಲಿ, ಎಲ್ಲ ಕಚೇರಿಯವರೂ ಒಂದೊಂದು ಕೇಳುತ್ತಾರೆ. ದೋಣಿಯ ಹೆಸರು, ನೋಂದಣಿ ಸಂಖ್ಯೆ ಇರುವ ರಬ್ಬರ್ ಸ್ಟ್ಯಾಂಪ್ ಊರಲ್ಲೇ ಮಾಡಿಸಿಕೊಳ್ಳಿ. ದುಂಡಗಿನ ಮೊಹರು ಬಿದ್ದ ಕಾಗದಕ್ಕೆ ಸಿಗುವ ಮರ್ಯಾದೆ ಬರೀ ಸಹಿಗೆ ಸಿಗುವುದಿಲ್ಲ.

ನಮ್ಮವರಿಗೆ ಹೆಚ್ಚಾಗಿ ಕಾಡುವ ತೊಂದರೆಯೊಂದಿದೆ. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ, ಹೆಸರೆಲ್ಲ ಗಿವನ್ ನೇಮ್‌ನಲ್ಲಿ. ನೋಂದಣಿ ಪತ್ರದಲ್ಲಿ ಇನಿಷಿಯಲ್, ವಿಮೆಯಲ್ಲಿ ಊರ ಹೆಸರು, ಪಟ್ಟಿಯಲ್ಲಿ ಅಪ್ಪನ ಹೆಸರು ಸರ್‌ನೇಮ್. ಬಂದರಿನ ಅಧಿಕಾರಿಗೆ ಇವರು ನಾಲ್ವರು ಬೇರೆ ಬೇರೆ ಮನುಷ್ಯರು. ಹೊರಡುವ ಮೊದಲೇ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಹಾಕಿಸಿ, ಉಳಿದ ಎಲ್ಲ ಕಾಗದವನ್ನೂ ಅಕ್ಷರಕ್ಕಕ್ಷರ ಅದಕ್ಕೆ ಹೊಂದಿಸಿ.

ತಲುಪುವ ದಿನ: ವಾರದ ದಿನ, ಹಗಲು. ಶನಿವಾರ, ಭಾನುವಾರ, ರಜೆಯ ದಿನ ಅನೇಕ ಕಡೆ ಓವರ್‌ಟೈಮ್ ಶುಲ್ಕ ಬೀಳುತ್ತದೆ. ಕತ್ತಲಾದರೆ ಹೊರಗೇ ಹಾಯಿ ತಗ್ಗಿಸಿ ಬೆಳಗಿನ ತನಕ ಕಾಯಿರಿ. ದಡದಿಂದ 12 ನಾಟಿಕಲ್ ಮೈಲಿ ಒಳಗೆ ಬರುತ್ತಿದ್ದಂತೆ ಹಾಯಿಕಂಬದ ಬಲಗಡೆಯ ಅಡ್ಡಕೋಲಿನ ಕೆಳಗೆ, ತಪಾಸಣೆ ಇನ್ನೂ ಆಗಿಲ್ಲ ಎಂಬುದರ ಗುರುತಾದ ಹಳದಿ ಬಾವುಟ ಏರಿಸಿ. ವಿಎಚ್‌ಎಫ್ ರೇಡಿಯೊದ 16ನೇ ಚಾನೆಲ್ಲಿನಲ್ಲಿ ಬಂದರಿನವರನ್ನು ಕರೆದು, ಅವರು ಹೇಳಿದ ಚಾನೆಲ್ಲಿಗೆ ಹೋಗಿ, ಹೇಳಿದ ಜಾಗದಲ್ಲೇ ನಿಲ್ಲಿ. ಆಮೇಲೆ ಯಾರೂ ದಡಕ್ಕೆ ಇಳಿಯುವಂತಿಲ್ಲ, ಪಕ್ಕದ ದೋಣಿಯವರು ಬಂದು ಹತ್ತುವಂತಿಲ್ಲ, ಕಸದ ಚೀಲವೂ ಇಳಿಯುವಂತಿಲ್ಲ. ಅಧಿಕಾರಿಗಳು ಕರೆದರೆ ಕ್ಯಾಪ್ಟನ್ ಒಬ್ಬನೇ ಫೋಲ್ಡರ್ ಹಿಡಿದು ಹೋಗುವುದು, ಚಡ್ಡಿಯಲ್ಲಿ ಅಲ್ಲ, ಪ್ಯಾಂಟು ಶರ್ಟಿನಲ್ಲಿ. ಆರೋಗ್ಯ, ಇಮಿಗ್ರೇಷನ್, ಕಸ್ಟಮ್ಸ್ ಮೂರೂ ಮುಗಿದ ಮೇಲೆ ಹಳದಿ ಇಳಿಸಿ, ಅದೇ ಜಾಗದಲ್ಲಿ ಆ ದೇಶದ ಬಾವುಟ ಹಾರಿಸಿ. ಅದು ಹರಿದಿದ್ದರೂ ತಲೆಕೆಳಗಾಗಿದ್ದರೂ ಜನ ಮುನಿಸಿಕೊಳ್ಳುತ್ತಾರೆ.

ಕೈ ಬೆಚ್ಚಗೆ ಮಾಡುವುದು? ನೀವಾಗಿ ಕೊಡಲು ಹೋಗಲೇಬೇಡಿ. ಶುಲ್ಕಕ್ಕೆ ರಸೀದಿ ಕೇಳಿ, ನಗುನಗುತ್ತಾ ಕೇಳಿ. ದೋಣಿ ಹತ್ತಿದವರಿಗೆ ತಣ್ಣನೆ ನೀರು, ಕಾಫಿ ಕೊಟ್ಟರೆ ಲಂಚವಲ್ಲ, ಅತಿಥಿ ಮರ್ಯಾದೆ. ಬೀರು ಬೇಡ.

ಕೊನೆಗೆ ಅಡುಗೆಮನೆ. ಆಸ್ಟ್ರೇಲಿಯಾದವರು ಕಾಳುಕಡ್ಡಿ ತಿನ್ನುವ ಖಾಪ್ರಾ ದುಂಬಿಗೆ ಹೆದರುತ್ತಾರೆ. ಅಕ್ಕಿ, ಕಡಲೆ, ತೊಗರಿ, ಹೆಸರು, ಜೀರಿಗೆ, ಕೊತ್ತಂಬರಿ ಬೀಜ, ಒಣಮೆಣಸಿನಕಾಯಿ ಎಲ್ಲವೂ ಅವರು ಅಪಾಯದ ಪಟ್ಟಿಯಲ್ಲಿಟ್ಟಿರುವ ಪದಾರ್ಥ. ಎಂದರೆ ನಿಮ್ಮ ಸಾರಿನಪುಡಿಯ ಅರ್ಧಕ್ಕರ್ಧ ಸಾಮಾನು. ನ್ಯೂಜಿಲೆಂಡಿನಲ್ಲಿ ಜೇನುತುಪ್ಪವನ್ನೂ ಬಿಡುವುದಿಲ್ಲ. ಫಿಜಿ ಬಿಡುವ ಹೊತ್ತಿಗೆ ದಾಸ್ತಾನು ಮುಗಿಯುವಂತೆ ಲೆಕ್ಕ ಹಾಕಿ, ಉಳಿದದ್ದನ್ನು ಬಚ್ಚಿಡದೆ ಪಟ್ಟಿ ಮಾಡಿ ತೋರಿಸಿ. ತೋರಿಸಿದ್ದು ಕಸಕ್ಕೆ ಹೋಗಬಹುದು, ಬಚ್ಚಿಟ್ಟದ್ದಕ್ಕೆ ದಂಡ. ಹಲಗೆಯ ಕೆಳಗಿನ ಡಬ್ಬವನ್ನೂ ಅವರು ತೆಗೆಸಿ ನೋಡುತ್ತಾರೆ.

ಪ್ರಶ್ನೆ: ಫಿಜಿಯ ಹೊರದ್ವೀಪಗಳ ಹಳ್ಳಿಗಳಲ್ಲಿ ಮಕ್ಕಳಿಗೆ ಚಾಕೊಲೇಟು ಹಂಚಬಹುದೇ?

ಮೊದಲು ದೊಡ್ಡವರನ್ನು ಕಾಣಿ. ಹಳ್ಳಿಯ ಮುಂದಿನ ನೀರು, ಹವಳದ ದಿಬ್ಬ ಎಲ್ಲ ಅವರ ಮನೆಯ ಅಂಗಳ ಇದ್ದಂತೆ. ಲಂಗರು ಹಾಕಿದ ಕೂಡಲೇ ಈಜಾಡಲು ಇಳಿಯಬಾರದು. ಸೆವುಸೆವು ಎಂಬ ಪದ್ಧತಿಯಂತೆ ಅರ್ಧ ಕಿಲೋ ಒಣಗಿದ ಯಾಂಗೋನ ಬೇರು, ಅಂದರೆ ಕಾವಾ, ಕೊಂಡು ಹೋಗಿ. ಸುವಾ, ಲೌಟೋಕಾ, ಸಾವುಸಾವು ಮಾರುಕಟ್ಟೆಗಳಲ್ಲಿ ಕಂತೆ ಕಟ್ಟಿ ಮಾರುತ್ತಾರೆ, ಪುಡಿ ಬೇಡ, ಬೇರನ್ನೇ ಕೊಳ್ಳಿ. ಟೋಪಿ, ಕಪ್ಪು ಕನ್ನಡಕ ತೆಗೆದು, ಭುಜ ಮತ್ತು ಮೊಣಕಾಲು ಮುಚ್ಚುವ ಬಟ್ಟೆಯಲ್ಲಿ ಹೋಗಿ, ತುರಂಗಾ ನಿ ಕೋರೋ, ಅಂದರೆ ಊರ ಮುಖ್ಯಸ್ಥರು, ಎಲ್ಲಿ ಎಂದು ಕೇಳಿ. ಬೇರನ್ನು ಕೈಗೆ ತುರುಕದೆ ಅವರ ಮುಂದೆ ಚಾಪೆಯ ಮೇಲಿಟ್ಟು ಕುಳಿತುಕೊಳ್ಳಿ. ಲೌಟೋಕಾದ ಅಂಗಡಿಯಲ್ಲಿ ನಿಮ್ಮ ಹಿಂದಿ ನಡೆಯುತ್ತದೆ, ಗಿರ್ಮಿಟ್, ಅಂದರೆ ಕರಾರು ಕೂಲಿಯ ಕಾಲದಲ್ಲಿ ಹೋದವರ ಮಕ್ಕಳು ಮೊಮ್ಮಕ್ಕಳು ಅಲ್ಲಿದ್ದಾರೆ. ಹೊರದ್ವೀಪದಲ್ಲಿ ಇರುವವರು ಹೆಚ್ಚಾಗಿ ಮೂಲನಿವಾಸಿಗಳು, ಅಲ್ಲಿ "ಬುಲಾ" ಎಂದು ಶುರು ಮಾಡಿ.

ಪ್ರಶ್ನೆ: ದೋಣಿಯಲ್ಲಿ ಬರುವ ವಾಂತಿಗೆ ಕಾಂತದ ಕಡಗ ಕೆಲಸ ಮಾಡುತ್ತದೆಯೇ?

ಮಾರುವವನಿಗೆ ಮಾಡುತ್ತದೆ. ಹೊರಡುವ ಹಿಂದಿನ ರಾತ್ರಿಯೇ ಮಾತ್ರೆ ಶುರು ಮಾಡಬೇಕು, ಯಾವುದೆಂದು ವೈದ್ಯರೇ ಹೇಳಲಿ. ಕಿವಿಯ ಹಿಂದೆ ಅಂಟಿಸುವ ಸ್ಕೊಪೊಲಮಿನ್ ಪಟ್ಟಿ ಗ್ಲಾಕೋಮಾ ಅಥವಾ ಪ್ರಾಸ್ಟೇಟ್ ತೊಂದರೆ ಇದ್ದವರಿಗೆ ಅಪಾಯ, ನಡುಕದ ಕಾಯಿಲೆ ಇದ್ದವರಿಗೆ ಸಿನ್ನರಿಜಿನ್ ಒಳ್ಳೆಯದಲ್ಲ. ಅರವತ್ತು ದಾಟಿದವರು ಇದನ್ನು ಕೇಳದೇ ನುಂಗುತ್ತಾರೆ, ಮಾರಾಯ್ರೇ.

ಪ್ರಶ್ನೆ: ಕಡಲ್ಗಳ್ಳರಿಗಾಗಿ ಬಂದೂಕು ಇಟ್ಟುಕೊಳ್ಳಲೇ?

ಬೇಡ. ಬಂದರು ಬಂದರಿನಲ್ಲೂ ಅದನ್ನೇ ಒಪ್ಪಿಸುತ್ತಾ, ವಾಪಸ್ ಪಡೆಯುತ್ತಾ ಕೂರಬೇಕಾಗುತ್ತದೆ. ಕೆಂಪು ಸಮುದ್ರದ ದಾರಿಯನ್ನೇ ಬಿಡಿ.

ಪ್ರಶ್ನೆ: ದಿಲೀಪ್ ದೋಂದೆ, ಅಭಿಲಾಷ್ ಟಾಮಿ ಅವರ ಹಾಗೆ 66ನೇ ವಯಸ್ಸಿನಲ್ಲಿ ಒಬ್ಬನೇ ಜಗತ್ತು ಸುತ್ತಬಹುದೇ?

ಅವರಿಬ್ಬರ ಹಿಂದೆ ನೌಕಾಪಡೆಯ ತರಬೇತಿ ಇತ್ತು. ನೀವು ಹೆಂಡತಿಯನ್ನು ಕರೆದುಕೊಂಡು ಹೋಗಿ.

ಪ್ರಶ್ನೆ: ಅಮೆರಿಕದಲ್ಲಿದ್ದೇವೆ, ದೋಣಿಯಲ್ಲೇ ಕೊಚ್ಚಿಗೆ ಬರುವ ಆಸೆ. ಸ್ಯಾಟಲೈಟ್ ಫೋನ್ ಇದೆ, ತೊಂದರೆಯೇ?

ದೊಡ್ಡ ತೊಂದರೆ. ದೂರಸಂಪರ್ಕ ಇಲಾಖೆಯ ಅನುಮತಿ ಇಲ್ಲದೆ ಇರಿಡಿಯಂ, ತುರಾಯಾ ಫೋನುಗಳನ್ನು ಭಾರತಕ್ಕೆ ತರುವುದು ಅಪರಾಧ. ಸ್ಯಾಟಲೈಟ್ ಮೂಲಕ ಸಂದೇಶ ಕಳಿಸುವ ಗಾರ್ಮಿನ್ ಇನ್‌ರೀಚ್ ಕೂಡ ಅದೇ ಗುಂಪಿನದು, ಅದನ್ನು ಚೀಲದಲ್ಲಿಟ್ಟುಕೊಂಡು ವಿಮಾನ ನಿಲ್ದಾಣಗಳಲ್ಲಿ ಬಂಧನಕ್ಕೊಳಗಾದವರಿದ್ದಾರೆ. ಮೊದಲೇ ಬರೆದು ಅನುಮತಿ ಪಡೆಯಿರಿ. ಸಿಗದಿದ್ದರೆ ಹಿಂದಿನ ದೇಶದಲ್ಲೇ ಬಿಟ್ಟು, ದೂರಕ್ಕೆ ತಲುಪುವ ಎಸ್‌ಎಸ್‌ಬಿ ರೇಡಿಯೊ ನಂಬಿಕೊಂಡು ಬನ್ನಿ. ಅದರ ಪರವಾನಗಿ ಮೇಲೆ ಹೇಳಿದ ಫೋಲ್ಡರ್‌ನಲ್ಲಿರಲಿ.