ಹೊಕ್ಕುಳಿನ ನಳಿಕೆ ಎಷ್ಟು ಒಳಗೆ ಹೋಗಬೇಕು?

ಪ್ರಶ್ನೆ: ರಾಯಚೂರಿನ ಆಸ್ಪತ್ರೆಯೊಂದರಲ್ಲಿ ದಿನ ತುಂಬದೆ ಹುಟ್ಟಿದ, 2 ಕಿಲೋ ತೂಕದ ನಮ್ಮ ಮೊಮ್ಮಗಳಿಗೆ ಹೊಕ್ಕುಳಿನ ಸಿರೆಯಲ್ಲಿ ನಳಿಕೆ ಹಾಕಿ, ಎಕ್ಸ್‌ರೇ ನೋಡಿದ ಮೇಲೆ ಒಂದು ಸೆಂಟಿಮೀಟರ್ ಹಿಂದಕ್ಕೆ ಎಳೆದರು. ಅಳತೆ ತಪ್ಪಿತ್ತೇ?
— ಓದುಗರು, ದೇವದುರ್ಗ

ಉತ್ತರ: ತಪ್ಪೆನ್ನಲಾಗದು. ಕಿಲೋ ತೂಕವನ್ನು ಒಂದೂವರೆಯಿಂದ ಗುಣಿಸಿ 5.5 ಕೂಡಿಸುವುದು ರೂಢಿಯ ಲೆಕ್ಕ. ನಿಮ್ಮ ಮೊಮ್ಮಗಳಿಗೆ ಅದು 8.5 ಸೆಂಟಿಮೀಟರ್ ಆಗುತ್ತದೆ, ಅದಕ್ಕೆ ಚರ್ಮದ ಮೇಲೆ ಉಳಿದ ಹೊಕ್ಕುಳಬಳ್ಳಿಯ ಮೋಟಿನ ಉದ್ದವನ್ನೂ ಸೇರಿಸಬೇಕು. ಅವಸರದಲ್ಲಿ ಮರೆತುಹೋಗುವುದು ಈ ಮೋಟೇ. ಆದರೆ ತೂಕ ಒಂದೇ ಇದ್ದರೂ ಮೈಯುದ್ದ ಒಂದೇ ಇರುವುದಿಲ್ಲವಾದ್ದರಿಂದ ಇದೆಲ್ಲ ಅಂದಾಜು ಮಾತ್ರ. ನಳಿಕೆಯ ತುದಿ ವಪೆಯ (ಎದೆ-ಹೊಟ್ಟೆಗಳ ನಡುವಿನ ಸ್ನಾಯುಪರದೆಯ) ತುಸು ಮೇಲೆ, ದೇಹದ ಕೆಳಭಾಗದ ರಕ್ತವನ್ನು ತರುವ ಕೆಳ ಮಹಾಸಿರೆಯು ಬಲ ಹೃತ್ಕರ್ಣವನ್ನು (ಹೃದಯದ ಬಲ ಮೇಲ್ಕೋಣೆಯನ್ನು) ಸೇರುವಲ್ಲಿ ನಿಲ್ಲಬೇಕು. ಹೃದಯದೊಳಗೆ ಹೋದರೆ ಬಡಿತದ ಲಯ ಕೆಡಬಹುದು, ಯಕೃತ್ತಿನಲ್ಲೇ ಉಳಿದರೆ ನಳಿಕೆಯಿಂದ ಕೊಡುವ ಸಾಂದ್ರ ದ್ರಾವಣವು ಅಲ್ಲಿನ ಅಂಗಾಂಶಕ್ಕೆ ಹಾನಿ ಮಾಡಬಹುದು. ಆಳಕ್ಕೆ ಹೋದದ್ದನ್ನು ಎಳೆಯಬಹುದು. ಗಿಡ್ಡವಾದದ್ದನ್ನು, ಕ್ರಿಮಿಶುದ್ಧ ಹೊದಿಕೆ ತೆಗೆದ ಮೇಲೆ, ಸೋಂಕಿನ ಭಯದಿಂದ ಒಳಕ್ಕೆ ತಳ್ಳುವುದಿಲ್ಲ.