ಟ್ರೈ ಇಲ್ಲದೆ ಗೆದ್ದರೂ ಅದು ಗೆಲುವೇ

ಪ್ರಿಯ ಓದುಗರೇ,

2023ರ ರಗ್ಬಿ ವಿಶ್ವಕಪ್‌ನಲ್ಲಿ ಇಂಗ್ಲೆಂಡ್ ತನ್ನ ಮೊದಲ ಪಂದ್ಯದಲ್ಲಿ ಅರ್ಜೆಂಟೀನಾವನ್ನು 27-10ರಿಂದ ಸೋಲಿಸಿತು. ಆದರೆ ಇಂಗ್ಲೆಂಡ್ ಟ್ರೈ, ಅಂದರೆ ಚೆಂಡನ್ನು ಎದುರಾಳಿಯ ಗೆರೆಯಾಚೆ ಒಯ್ದು ನೆಲಕ್ಕೆ ಮುಟ್ಟಿಸಿ ಗಳಿಸುವ ಅಂಕ, ಒಂದೂ ಗಳಿಸಲಿಲ್ಲ. ನಾವು ಅದನ್ನು ಭರವಸೆ ಹುಟ್ಟಿಸಿದ ಗೆಲುವು ಎಂದು ಬರೆದಿದ್ದು ನಿಮಗೆ ಒಪ್ಪಿಗೆಯಾಗಿಲ್ಲ. 'ಎಂಬತ್ತು ನಿಮಿಷದಲ್ಲಿ ಒಂದೇ ಒಂದು ಟ್ರೈ ಇಲ್ಲ. ಬರೀ ಚೆಂಡು ಒದ್ದು ಗೆದ್ದರು. ಇದರಲ್ಲಿ ಹೊಗಳೋಕೆ ಏನಿದೆ?' ಎಂದು ಕೇಳಿದ್ದೀರಿ.

ತುಂಬಾ ಇದೆ ಅಂತಲೇ ನನ್ನ ಉತ್ತರ. ಆ ತಂಡ ಯಾವ ಸ್ಥಿತಿಯಲ್ಲಿ ಮೈದಾನಕ್ಕೆ ಇಳಿದಿತ್ತು ನೋಡಿ. ಮಾರ್ಚ್‌ನಲ್ಲಿ ತವರಿನ ಟ್ವಿಕೆನ್‌ಹ್ಯಾಮ್‌ನಲ್ಲೇ ಫ್ರಾನ್ಸ್ ಎದುರು 53-10ರ ಸೋಲು. ಆಗಸ್ಟ್‌ನಲ್ಲಿ ಅದೇ ಮೈದಾನದಲ್ಲಿ ಫಿಜಿ ಎದುರೂ ಸೋಲು. ಫಿಜಿಗೆ ಇಂಗ್ಲೆಂಡ್ ಸೋತಿದ್ದು ಅದೇ ಮೊದಲು. ನಾಯಕ ಓವೆನ್ ಫಾರೆಲ್ ನಿಷೇಧದ ಕಾರಣ ತಂಡದಿಂದ ಹೊರಗೆ. ಇಷ್ಟು ಸಾಲದು ಅಂತ ಫ್ರಾನ್ಸ್‌ನ ಮಾರ್ಸೇಯಲ್ಲಿ ಈ ಅರ್ಜೆಂಟೀನಾ ಪಂದ್ಯ ಶುರುವಾದ ಮೂರೇ ನಿಮಿಷದೊಳಗೆ ಇಂಗ್ಲೆಂಡ್‌ನ ಟಾಮ್ ಕರಿ ಅವರ ತಲೆ ಎದುರಾಳಿಯ ತಲೆಗೆ ಬಡಿಯಿತು. ಮೊದಲು ಹಳದಿ ಕಾರ್ಡ್ ಕೊಟ್ಟರು. ವಿಡಿಯೊ ನೋಡಿ ಅದನ್ನೇ ಕೆಂಪು ಮಾಡಿದರು. ಪಂದ್ಯ ಮುಗಿಯುವವರೆಗೂ ಹದಿನೈದರ ಬದಲು ಹದಿನಾಲ್ಕೇ ಜನ.

ಹದಿನಾಲ್ಕು ಜನ ಚೆಂಡು ಹಿಡಿದು ಓಡಿ ಟ್ರೈ ಹೊಡೆಯಲು ಹೊರಟರೆ ಬೇಗ ಸುಸ್ತಾಗುತ್ತಾರೆ, ಹಿಂದೆ ಜಾಗವೂ ಖಾಲಿ ಬೀಳುತ್ತದೆ. ಇಂಗ್ಲೆಂಡ್‌ಗೆ ಒದೆಯುವ ಹೊಣೆ ಹೊತ್ತಿದ್ದ ಜಾರ್ಜ್ ಫೋರ್ಡ್ ಅದನ್ನು ತಕ್ಷಣ ಅರ್ಥ ಮಾಡಿಕೊಂಡರು. ಅವರ ಡ್ರಾಪ್ ಗೋಲ್‌ಗಳನ್ನು ಇನ್ನೊಮ್ಮೆ ನಿಧಾನವಾಗಿ ನೋಡಿ. ಗುಂಪಿನಿಂದ ಚೆಂಡು ಹಿಂದಕ್ಕೆ ಬರುತ್ತದೆ. ಹಿಡಿದು ಪಾದದ ಮುಂದೆ ಬಿಡುತ್ತಾರೆ, ಅದು ನೆಲ ಮುಟ್ಟಿ ಪುಟಿಯುವ ಗಳಿಗೆಗೆ ಸರಿಯಾಗಿ ಗೋಲು ಕಂಬಗಳ ನಡುವೆ ಹೋಗುವಂತೆ ಒದೆಯುತ್ತಾರೆ. ಹೋದರೆ ಮೂರು ಅಂಕ. ಮೊಟ್ಟೆ ಆಕಾರದ ಚೆಂಡು, ಎತ್ತ ಪುಟಿಯುತ್ತದೋ ಹೇಳೋಕಾಗಲ್ಲ. ಎದುರಿನಿಂದ ಮೈಮೇಲೆ ಬೀಳಲು ಓಡಿ ಬರುವವರು ಬೇರೆ. ಅಂಥವು ಮೂರು, ಸುಮಾರು ಹತ್ತು ನಿಮಿಷದ ಒಳಗೆ. ಆರು ಪೆನಾಲ್ಟಿಯೂ (ಎದುರಾಳಿಯ ತಪ್ಪಿಗೆ ಸಿಗುವ ಒದೆತ, ಅದಕ್ಕೂ ಮೂರೇ ಅಂಕ) ಸೇರಿ 27 ಅಂಕವೂ ಒಬ್ಬರದೇ. ಇದು ಸುಮ್ನೆ ಆಗುವ ಕೆಲಸವಲ್ಲ.

ಆದರೆ ತಂತ್ರದ ಬಗ್ಗೆ ನಿಮಗಿರುವ ಅನುಮಾನ ನನಗೂ ಇದೆ. ಕಷ್ಟದ ದಿನಕ್ಕೆ ಹೊಂದಿದ ಆಟವನ್ನೇ ಕೋಚ್ ಸ್ಟೀವ್ ಬೋರ್ಥ್‌ವಿಕ್ ಎಲ್ಲ ದಿನಕ್ಕೂ ಇಟ್ಟುಕೊಂಡರೆ? ಸೆಮಿಫೈನಲ್‌ನಲ್ಲಿ ದಕ್ಷಿಣ ಆಫ್ರಿಕಾ ಎದುರು ಹಾಗೇ ಆಯಿತು. ಮಳೆ ಇತ್ತು, ನಿಜ. ಎತ್ತರಕ್ಕೆ ಒದ್ದು ಒತ್ತಡ ಹೇರುವ ಆಟ ಬಹಳ ಹೊತ್ತು ಫಲ ಕೊಟ್ಟಿತು, 15-6ರ ಮುನ್ನಡೆಯೂ ಸಿಕ್ಕಿತು. ಆ ಹದಿನೈದೂ ನಿಷೇಧ ಮುಗಿಸಿ ಬಂದಿದ್ದ ಫಾರೆಲ್ ಒದ್ದು ತಂದ ಅಂಕ. ಆಮೇಲೆ ದಕ್ಷಿಣ ಆಫ್ರಿಕಾದ ಆರ್.ಜಿ. ಸ್ನೈಮನ್ ಟ್ರೈ ಹೊಡೆದರು. ಕೊನೆಯಲ್ಲಿ ಅವರದೇ ತಂಡದ ಹಾಂಡ್ರೆ ಪೊಲಾರ್ಡ್ ಅವರ ಪೆನಾಲ್ಟಿ. 16-15. ಇಂಗ್ಲೆಂಡ್ ಒಂದು ಟ್ರೈ ಗಳಿಸಿದ್ದರೂ ಕಥೆಯೇ ಬೇರೆ ಇರುತ್ತಿತ್ತು. ಆ ಸೋಲು ನನಗೆ ಈಗಲೂ ಹೊಟ್ಟೆ ಉರಿಸುತ್ತದೆ.

ಹಾಗಂತ ಮಾರ್ಸೇಯ ಗೆಲುವಿನ ತೂಕ ನನ್ನ ಲೆಕ್ಕದಲ್ಲಿ ಕಡಿಮೆಯಾಗಿಲ್ಲ. ಅಲ್ಲಿ ಹದಿನಾಲ್ಕು ಜನ ಗಾಬರಿಯಾಗಲಿಲ್ಲ; ಗಾಬರಿಯಾಗುವ ತಂಡಕ್ಕೆ ಓಡುವ ಆಟವನ್ನೂ ಕಲಿಸೋಕಾಗಲ್ಲ.

ಸಿಕ್ಕರೆ 2024ರ ಮಾರ್ಚ್‌ನ ಐರ್ಲೆಂಡ್ ಪಂದ್ಯ ನೋಡಿ. ಅದೇ ಕೋಚ್, ಟ್ವಿಕೆನ್‌ಹ್ಯಾಮ್, ಆಗ ಯುರೋಪಿನಲ್ಲಿ ಎಲ್ಲರೂ ಹೆದರುತ್ತಿದ್ದ ಎದುರಾಳಿ. ಇಂಗ್ಲೆಂಡ್‌ನ ಲಾರೆನ್ಸ್, ಫರ್ಬ್ಯಾಂಕ್, ಅರ್ಲ್ ಮೂವರೂ ಟ್ರೈ ಹೊಡೆದರು. ಅದಾದ ಮೇಲೆ ಕೊನೆಯ ಒದೆತದಲ್ಲಿ ಮಾರ್ಕಸ್ ಸ್ಮಿತ್ ಅವರ ಡ್ರಾಪ್ ಗೋಲ್, 23-22. ಅದನ್ನು ನೋಡಿ ನಿಮಗೇನನ್ನಿಸಿತು ಎಂದು ಖಂಡಿತ ಬರೆಯಿರಿ.

— ಸಂ.