ಎನ್‌ಎಫ್‌ಎಲ್ ತಂಡದ ಲೈನ್‌ಬ್ಯಾಕರ್‌ಗಳು ಸೋಲುತ್ತಿದ್ದರೆ ರಿಪೇರಿ ಎಲ್ಲಿಂದ ಶುರುವಾಗಬೇಕು?

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಹೀಗೆ: ಸ್ಯಾನ್ ಹೊಸೆಗೆ ಬಂದ ಮೇಲೆ ಅಮೆರಿಕನ್ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್‌ನ ಸ್ಯಾನ್ ಫ್ರಾನ್ಸಿಸ್ಕೊ ತಂಡ ಫಾರ್ಟಿನೈನರ್ಸ್ (ನೈನರ್ಸ್) ಪಂದ್ಯ ನೋಡುವ ರೂಢಿ ಬಿದ್ದಿದೆ. 2024ರ ಸೀಸನ್‌ನಲ್ಲಿ ಎದುರಾಳಿಗಳು ನಟ್ಟನಡುವೆ ನುಗ್ಗಿ ಓಡುತ್ತಿದ್ದರು, ಪ್ರತಿ ಸಲವೂ ಲೈನ್‌ಬ್ಯಾಕರ್ (ಡಿಫೆನ್ಸ್‌ನ ಎರಡನೇ ಸಾಲಿನವನು) ಕೈಜಾರಿಸಿದ್ದೇ ಕಣ್ಣಿಗೆ ಬೀಳುತ್ತಿತ್ತು. ಹಾಗಾದರೆ ತಂಡ ದೊಡ್ಡ ದುಡ್ಡು ಸುರಿದು ಹೊಸ ಲೈನ್‌ಬ್ಯಾಕರ್‌ಗಳನ್ನು ತರಬೇಕೋ, ಅವರ ಮುಂದೆ ನಿಲ್ಲುವ ಡಿಫೆನ್ಸಿವ್ ಲೈನ್ ಎಂಬ ಮುಂದಿನ ಸಾಲನ್ನು ಸರಿ ಮಾಡಬೇಕೋ?

ಮುಂದಿನ ಸಾಲು. ಅದರಲ್ಲೂ ಮೊದಲು ನಡುವಿನ ಇಬ್ಬರು ಟ್ಯಾಕಲ್‌ಗಳು. ನಾನೂ ಇದೇ ಊರಿನ ಕಡೆಯವನು, ಈ ತಂಡವನ್ನು ಮನಸಾರೆ ಹಚ್ಚಿಕೊಂಡವನು. ಹಾಗಾಗಿ ಉತ್ತರವನ್ನೂ ಈ ತಂಡದ ಕಥೆಯಿಂದಲೇ ಹೇಳುತ್ತೇನೆ. ಕಳೆದ ಏಳೆಂಟು ವರ್ಷದಲ್ಲಿ ಡಿಫೆನ್ಸ್ ಕಟ್ಟುವುದು, ಬೀಳುವುದು, ಮತ್ತೆ ಕಟ್ಟುವುದು ಮೂರನ್ನೂ ಇದು ತೋರಿಸಿದೆ.

ಮೊದಲು ಕೆಲಸ ಹೇಗೆ ನಡೆಯುತ್ತದೆ ನೋಡಿ. ಓಟದ ಆಟದಲ್ಲಿ ಅಫೆನ್ಸ್‌ನ (ಚೆಂಡು ಇರುವ ತಂಡದ) ಇಬ್ಬರು, ಅಂದರೆ ಸೆಂಟರ್ ಮತ್ತು ಗಾರ್ಡ್, ಒಟ್ಟಿಗೆ ಒಬ್ಬ ಡಿಫೆನ್ಸಿವ್ ಟ್ಯಾಕಲ್ ಮೇಲೆ ಬೀಳುತ್ತಾರೆ. ಅವನು ಒಂದು ಹೆಜ್ಜೆ ಹಿಂದೆ ಸರಿದ ತಕ್ಷಣ ಇಬ್ಬರಲ್ಲಿ ಒಬ್ಬ ಅವನನ್ನು ಬಿಟ್ಟು ಹಿಂದೆ ನಿಂತ ಲೈನ್‌ಬ್ಯಾಕರ್ ಕಡೆ ಹೊರಡುತ್ತಾನೆ. ಗಾರ್ಡ್ ಸುಮಾರು 140 ಕಿಲೋ, ಲೈನ್‌ಬ್ಯಾಕರ್ ಸುಮಾರು 105 ಕಿಲೋ. ಆ ಗಾರ್ಡ್ ವೇಗವಾಗಿ ಬಂದು ಎದೆಗೆ ಎದೆ ಕೊಟ್ಟರೆ ಎಂಥ ಲೈನ್‌ಬ್ಯಾಕರ್ ಆದರೂ ಜಾಗ ಬಿಡಲೇಬೇಕು. ಟಿವಿಯಲ್ಲಿ ನಮಗೆ ಕಾಣುವುದು ಅವನ ಪಕ್ಕದಿಂದ ಚೆಂಡು ಹಿಡಿದು ಓಡಿದವನು. ಒಂದೂವರೆ ಸೆಕೆಂಡ್ ಮೊದಲೇ ಸೋತ ಟ್ಯಾಕಲ್ ಕಡೆ ಕ್ಯಾಮೆರಾ ಇರುವುದಿಲ್ಲ. ಕಬಡ್ಡಿಯಲ್ಲಿ ಕಾರ್ನರ್ ಕಾಲು ಹಿಡಿದರೆ ತಾನೇ ಕವರ್ ಬಂದು ಮೇಲೆ ಬೀಳಲು ಆಗುವುದು? ಇಲ್ಲೂ ಟ್ಯಾಕಲ್ ಇಬ್ಬರನ್ನು ತನ್ನ ಮೇಲೆ ಕಟ್ಟಿಹಾಕಿಕೊಂಡು ನಿಂತರೆ ಮಾತ್ರ ಲೈನ್‌ಬ್ಯಾಕರ್ ಬಿಡುಗೈಯಲ್ಲಿ ಓಡಿಬಂದು ಹಿಡಿಯಬಲ್ಲ.

ಈಗ 2024ಕ್ಕೆ ಬನ್ನಿ. ವರ್ಷಗಟ್ಟಲೆ ನಡುವಿನ ಜಾಗ ಕಾದ ಆರಿಕ್ ಆರ್ಮ್‌ಸ್ಟೆಡ್‌ನನ್ನು ಆ ಮಾರ್ಚ್‌ನಲ್ಲಿ ಬಿಟ್ಟುಕೊಟ್ಟಿದ್ದರು. 2023ರಲ್ಲಿ 4 ವರ್ಷಕ್ಕೆ 84 ಮಿಲಿಯನ್ ಡಾಲರ್ ಕೊಟ್ಟು ತಂದಿದ್ದ ಟ್ಯಾಕಲ್ ಜವಾನ್ ಹಾರ್‌ಗ್ರೇವ್ ಸೀಸನ್ ಶುರುವಾದ ಮೂರೇ ವಾರದಲ್ಲಿ ತೋಳಿನ ಟ್ರೈಸೆಪ್ಸ್ ಹರಿದುಕೊಂಡು ಹೊರಬಿದ್ದ. ಅಂದರೆ ನಡುವೆ ಇರಬೇಕಾದ ಇಬ್ಬರೂ ಇಲ್ಲ. ಹಿಂದೆ ಲೈನ್‌ಬ್ಯಾಕರ್ ಡ್ರೆ ಗ್ರೀನ್‌ಲಾ ಕೂಡ ಇರಲಿಲ್ಲ. ಆ ವರ್ಷದ ಫೆಬ್ರವರಿಯ ಸೂಪರ್ ಬೌಲ್‌ನಲ್ಲಿ (ಲೀಗ್‌ನ ಫೈನಲ್) ಸೈಡ್‌ಲೈನ್‌ನಿಂದ ಮೈದಾನಕ್ಕೆ ಓಡಲು ಹೊರಟಾಗಲೇ ಅವನ ಹಿಮ್ಮಡಿಯ ಅಕಿಲಿಸ್ ಸ್ನಾಯುರಜ್ಜು ಹರಿದಿತ್ತು. ಉಳಿದ ಲೈನ್‌ಬ್ಯಾಕರ್ ಫ್ರೆಡ್ ವಾರ್ನರ್. ಅವನೂ ನಾಲ್ಕನೇ ವಾರದಿಂದ ಪಾದದ ಗಂಟಿನ ಮೂಳೆ ಬಿರುಕು ಬಿಟ್ಟುಕೊಂಡೇ ಇಡೀ ಸೀಸನ್ ಆಡಿದ, ಅದು ಹೊರಗೆ ಗೊತ್ತಾಗಿದ್ದು ಸೀಸನ್ ಮುಗಿದ ಮೇಲೆ. ತಂಡ 6-11ಕ್ಕೆ (6 ಗೆಲುವು, 11 ಸೋಲು) ಇಳಿಯಿತು. ನೀವು ಕಂಡ ಕೈಜಾರಿದ ಹಿಡಿತಗಳು ನಿಜವೇ, ಇಲ್ಲ ಎನ್ನುವುದಿಲ್ಲ. ಆದರೆ ಅವುಗಳ ಬೇರು ಒಂದು ಸಾಲು ಮುಂದಿತ್ತು.

ಇದೇ ಮಾತನ್ನು ತಂಡದ ಆಡಳಿತವೂ ನಂಬಿತ್ತು ಎನ್ನುವುದಕ್ಕೆ 2025ರ ಡ್ರಾಫ್ಟ್ (ಕಾಲೇಜು ಆಟಗಾರರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುವುದು) ನೋಡಿ. ಮೊದಲ ಸುತ್ತಿನ 11ನೇ ಆಯ್ಕೆಯಲ್ಲಿ ಜಾರ್ಜಿಯಾದ ಡಿಫೆನ್ಸಿವ್ ಎಂಡ್ (ಸಾಲಿನ ಅಂಚಿನಲ್ಲಿ ನಿಲ್ಲುವವನು) ಮೈಕಲ್ ವಿಲಿಯಮ್ಸ್, ಎರಡನೇ ಸುತ್ತಿನಲ್ಲಿ ಟೆಕ್ಸಸ್‌ನ ಟ್ಯಾಕಲ್ ಆಲ್ಫ್ರೆಡ್ ಕಾಲಿನ್ಸ್. ಲೈನ್‌ಬ್ಯಾಕರ್ ನಿಕ್ ಮಾರ್ಟಿನ್ ಬಂದದ್ದು ಮೂರನೇ ಸುತ್ತಿನಲ್ಲಿ. ಗ್ರೀನ್‌ಲಾ ಆಗಲೇ ಡೆನ್ವರ್‌ಗೆ ಹೋಗಿದ್ದ, ಲೈನ್‌ಬ್ಯಾಕರ್ ಜಾಗ ಖಾಲಿ ಇತ್ತು, ಆದರೂ ಅವರು ಹಿಡಿದ ಕ್ರಮ ಇದು. ನನಗೆ ಇದು ಸರಿ ಅನ್ನಿಸುತ್ತದೆ.

ಕಟ್ಟುವುದು ಹೇಗೆ ಎಂಬುದಕ್ಕೆ ಇನ್ನೂ ಹಿಂದಕ್ಕೆ ಹೋಗಬೇಕು. 2018ರಲ್ಲಿ ಈ ತಂಡ 4-12. ಇಡೀ ಸೀಸನ್‌ನಲ್ಲಿ ಡಿಫೆನ್ಸ್ ಹಿಡಿದ ಇಂಟರ್‌ಸೆಪ್ಷನ್ (ಎದುರಾಳಿಯ ಪಾಸ್ ಕಸಿಯುವುದು) ಎರಡೇ ಎರಡು, ಲೀಗ್‌ನ ಇತಿಹಾಸದಲ್ಲೇ ಅತಿ ಕಡಿಮೆ. ಹಿಂದೆ ನಿಂತು ಪಾಸ್ ಕಾಯುವವರನ್ನು ಎಲ್ಲರೂ ಬೈದರು. ತಂಡ ಮಾತ್ರ 2019ರಲ್ಲಿ ಖರ್ಚನ್ನೆಲ್ಲ ಹೆಚ್ಚುಕಡಿಮೆ ಮುಂಭಾಗದ ಏಳು ಜನರ (ಸಾಲಿನವರು ಮತ್ತು ಲೈನ್‌ಬ್ಯಾಕರ್‌ಗಳು) ಮೇಲೇ ಮಾಡಿತು. ಡ್ರಾಫ್ಟ್‌ನ 2ನೇ ಆಯ್ಕೆಯಲ್ಲಿ ನಿಕ್ ಬೋಸಾ, ಕ್ಯಾನ್ಸಸ್ ಸಿಟಿಯಿಂದ ಡೀ ಫೋರ್ಡ್, ಜೊತೆಗೆ ಲೈನ್‌ಗೆ ಹೊಸ ಕೋಚ್ ಕ್ರಿಸ್ ಕೊಕುರೆಕ್. ಅದೇ ಸೀಸನ್‌ನಲ್ಲಿ 13-3, ಸೂಪರ್ ಬೌಲ್‌ವರೆಗೂ ಹೋಯಿತು. ಸ್ಯಾಕ್‌ಗಳು (ಪಾಸ್ ಎಸೆಯುವ ಕ್ವಾರ್ಟರ್‌ಬ್ಯಾಕ್‌ನನ್ನು ಎಸೆಯುವ ಮೊದಲೇ ಕೆಡವುವುದು) 37ರಿಂದ 48ಕ್ಕೆ ಏರಿದವು.

ಇದರಲ್ಲಿ ನನಗೆ ಬಹಳ ಮುಖ್ಯ ಅನ್ನಿಸುವುದು ಆರ್ಮ್‌ಸ್ಟೆಡ್‌ನ ಲೆಕ್ಕ. 2015ರ ಮೊದಲ ಸುತ್ತಿನಲ್ಲಿ ಬಂದವನು. ಮೊದಲ ನಾಲ್ಕು ವರ್ಷ ಸೇರಿ 9 ಸ್ಯಾಕ್. 2019 ಒಂದೇ ವರ್ಷದಲ್ಲಿ 10. ಆಳು ಅವನೇ. ಬದಲಾಗಿದ್ದು ಪಕ್ಕದವರು ಮತ್ತು ಹೇಳಿಕೊಡುವವರು. ಬೋಸಾ, ಫೋರ್ಡ್ ಇಬ್ಬರೂ ಅಂಚಿನಲ್ಲಿ ನಿಂತಾಗ, ನಡುವೆ ಡಿಫಾರೆಸ್ಟ್ ಬಕ್ನರ್ ಇದ್ದಾಗ, ಎಲ್ಲರಿಗೂ ಇಬ್ಬಿಬ್ಬರನ್ನು ಹಚ್ಚಲು ಎದುರಾಳಿಯ ಹತ್ತಿರ ಆಳಿಲ್ಲ. ಒಬ್ಬೊಬ್ಬರೇ ಎದುರಾದರೆ ಆರ್ಮ್‌ಸ್ಟೆಡ್ ಗೆಲ್ಲುತ್ತಿದ್ದ. ಅದಕ್ಕೇ ನಾನು ಹೇಳುವುದು, ಡಿಫೆನ್ಸಿವ್ ಲೈನ್‌ಗೆ ಒಬ್ಬ ಒಳ್ಳೆಯವನು ಬಂದರೆ ಮಿಕ್ಕ ಮೂವರ ಆಟವೂ ಏರುತ್ತದೆ. ಲೈನ್‌ಬ್ಯಾಕರ್ ಜಾಗದಲ್ಲಿ ಇಷ್ಟು ದೊಡ್ಡ ಮಟ್ಟಿಗೆ ಹಾಗಾಗುವುದಿಲ್ಲ.

ಆದರೆ ದುಬಾರಿ ಆಯ್ಕೆ ಮಾಡಿಬಿಟ್ಟರೆ ಸಾಕು ಎಂದುಕೊಳ್ಳಬೇಡಿ. 2017ರಲ್ಲಿ 3ನೇ ಆಯ್ಕೆಯಲ್ಲಿ ಬಂದ ಸಾಲಮನ್ ಥಾಮಸ್‌ನನ್ನು ಒಮ್ಮೆ ಅಂಚಿಗೆ, ಒಮ್ಮೆ ಒಳಕ್ಕೆ ಓಡಾಡಿಸಿದರು. ಎಲ್ಲೂ ಅವನ ಜಾಗ ಗಟ್ಟಿಯಾಗಲಿಲ್ಲ. ಆಳನ್ನು ತರುವ ಮೊದಲೇ ಅವನು ಸಾಲಿನ ಯಾವ ಗ್ಯಾಪ್‌ನಲ್ಲಿ (ಸಂದಿನಲ್ಲಿ) ನಿಲ್ಲುತ್ತಾನೆ ಎಂದು ತೀರ್ಮಾನವಾಗಿರಬೇಕು.

ಇನ್ನು ಕೊಕುರೆಕ್ ತಂದ ವೈಡ್-ನೈನ್ ಪದ್ಧತಿ. ಡಿಫೆನ್ಸಿವ್ ಎಂಡ್‌ಗಳು ಟೈಟ್ ಎಂಡ್‌ನ (ಅಫೆನ್ಸ್ ಸಾಲಿನ ತುದಿಯಲ್ಲಿ ನಿಂತು ಪಾಸ್ ಕೂಡ ಹಿಡಿಯುವವನು) ಹೊರಗಡೆಗೆ, ಸಾಮಾನ್ಯಕ್ಕಿಂತ ಬಹಳ ದೂರಕ್ಕೆ ಹೋಗಿ ನಿಲ್ಲುತ್ತಾರೆ. ಅಲ್ಲಿಂದ ಕ್ವಾರ್ಟರ್‌ಬ್ಯಾಕ್ ಕಡೆಗೆ ಓರೆಯಾಗಿ, ಪೂರ್ತಿ ವೇಗದಲ್ಲಿ ನುಗ್ಗಬಹುದು. 2020ರ ಜನವರಿಯ ಪ್ಲೇಆಫ್‌ನಲ್ಲಿ ಮಿನ್ನೆಸೋಟ ವೈಕಿಂಗ್ಸ್ ಇದಕ್ಕೆ ಸಿಕ್ಕಿ ನಲುಗಿತು: 6 ಸ್ಯಾಕ್, ಇಡೀ ಪಂದ್ಯದಲ್ಲಿ ಓಟದಿಂದ ಬರೀ 21 ಗಜ, ಫಲಿತಾಂಶ 27-10. ಅವತ್ತು ಗಾಯದಿಂದ ವಾಪಸಾದವರಲ್ಲಿ ಫೋರ್ಡ್ ಒಬ್ಬ. ಅವನು ಬಂದದ್ದೇ ಸಾಲಿಗೆ ಹಲ್ಲು ಬಂದಂತಾಯಿತು.

ಈ ಪದ್ಧತಿಗೆ ಬೆಲೆಯೂ ಇದೆ, ಅದನ್ನು ತೆರುವವನು ಲೈನ್‌ಬ್ಯಾಕರ್. ಎಂಡ್ ಅಷ್ಟು ಹೊರಗೆ ಹೋದ ಮೇಲೆ ಅವನಿಗೂ ಟ್ಯಾಕಲ್‌ಗೂ ನಡುವೆ ದೊಡ್ಡ ಬಾಗಿಲು ತೆರೆದುಕೊಳ್ಳುತ್ತದೆ. ಅದನ್ನು ಮುಚ್ಚುವವನು ನಿಧಾನವಾದರೆ ಎದುರಾಳಿ ಹತ್ತು ಗಜ ಓಡಿದ ಎಂದೇ ಲೆಕ್ಕ. ಆದ್ದರಿಂದ ಹೊಡೆತ ಜೋರಿದೆ ಎಂದೋ, ಮೈಕಟ್ಟು ದೊಡ್ಡದಿದೆ ಎಂದೋ ಲೈನ್‌ಬ್ಯಾಕರ್ ಆರಿಸಿದರೆ ಕೆಡುತ್ತದೆ. ಓಡಬೇಕು, ಎದುರಾಳಿಯ ಆಟವನ್ನು ಬೇಗ ಓದಬೇಕು, ಪಾಸ್ ಬಂದರೆ ಹಿಂದಕ್ಕೆ ಓಡಿ ಕಾಯಲೂ ಬರಬೇಕು.

ವಾರ್ನರ್ 2018ರ ಮೂರನೇ ಸುತ್ತಿನ 70ನೇ ಆಯ್ಕೆ. ಬಿವೈಯು ಕಾಲೇಜಿನಲ್ಲಿ ಅವನು ಬಹಳಷ್ಟು ಸಲ ಹೊರಗಡೆ, ಸ್ಲಾಟ್ ರಿಸೀವರ್ (ಪಾಸ್ ಹಿಡಿಯುವವರಲ್ಲಿ ಒಳಬದಿಯಲ್ಲಿ ನಿಲ್ಲುವವನು) ಎದುರು ನಿಂತು ಆಡುತ್ತಿದ್ದವನು. ಗ್ರೀನ್‌ಲಾ 2019ರ ಐದನೇ ಸುತ್ತು, 148ನೇ ಆಯ್ಕೆ. ಇವರಿಗಿಂತ ಮೊದಲು ಇದೇ ತಂಡ 2017ರ ಮೊದಲ ಸುತ್ತಿನಲ್ಲಿ ಲೈನ್‌ಬ್ಯಾಕರ್ ರೂಬೆನ್ ಫಾಸ್ಟರ್‌ನನ್ನು ತಂದು ಮರುವರ್ಷವೇ ಬಿಟ್ಟಿತ್ತು. ಇನ್ನೊಬ್ಬ ಲೈನ್‌ಬ್ಯಾಕರ್ ಕ್ವಾನ್ ಅಲೆಕ್ಸಾಂಡರ್‌ಗೆ 4 ವರ್ಷಕ್ಕೆ 54 ಮಿಲಿಯನ್ ಡಾಲರ್ ಒಪ್ಪಂದ ಕೊಟ್ಟಿತ್ತು. ಅವನು ಎರಡನೇ ವರ್ಷ ಮುಗಿಯುವ ಮೊದಲೇ ನ್ಯೂ ಆರ್ಲಿಯನ್ಸ್‌ಗೆ ಹೋದ. ತಂಡವನ್ನು ಹೊತ್ತವರು ಮೂರನೇ ಮತ್ತು ಐದನೇ ಸುತ್ತಿನ ಹುಡುಗರು.

ಗ್ರೀನ್‌ಲಾ ಎದುರಾಳಿಯನ್ನು ಕೆಡವಿದ ಒಂದು ಹಿಡಿತದ ಬಗ್ಗೆ ಹೇಳಲೇಬೇಕು. 2019ರ ಡಿಸೆಂಬರ್ 29, ಸಿಯಾಟಲ್, ಸೀಸನ್‌ನ ಕೊನೆಯ ಲೀಗ್ ಪಂದ್ಯ. ನೈನರ್ಸ್ 26-21 ಮುಂದಿದೆ, ಸಿಯಾಟಲ್‌ಗೆ ಕೊನೆಯ ಅವಕಾಶ, ನಾಲ್ಕನೇ ಡೌನ್, ಗೋಲ್ ಗೆರೆಗೆ ಐದು ಗಜ. ಕ್ವಾರ್ಟರ್‌ಬ್ಯಾಕ್ ರಸೆಲ್ ವಿಲ್ಸನ್ ಎಸೆದ ಚೆಂಡನ್ನು ಟೈಟ್ ಎಂಡ್ ಹಾಲಿಸ್ಟರ್ ಗೆರೆಯ ಮುಂದೆಯೇ ಹಿಡಿದು ತಿರುಗಿದ. ಗ್ರೀನ್‌ಲಾ ಅವನ ಮೇಲೆ ಎಗರಿದ, ಹಾಲಿಸ್ಟರ್ ಗೆರೆ ಮುಟ್ಟುವುದಕ್ಕೆ ಅಂಗುಲಗಳಷ್ಟೇ ಬಾಕಿ ಇರುವಾಗ ನೆಲಕ್ಕೆ ಬಿದ್ದ. ಆ ಅಂಗುಲಗಳಿಂದ ತಂಡಕ್ಕೆ ಕಾನ್ಫರೆನ್ಸ್‌ನ (ಲೀಗ್‌ನ ಎರಡು ಭಾಗಗಳಲ್ಲಿ ಒಂದು) ಮೊದಲ ಸ್ಥಾನ, ಸೂಪರ್ ಬೌಲ್‌ವರೆಗಿನ ಪ್ಲೇಆಫ್ ಪೂರ್ತಿ ತವರಾದ ಸಾಂತಾ ಕ್ಲಾರಾದಲ್ಲೇ ಆಡುವ ಅನುಕೂಲ ಸಿಕ್ಕಿತು. ಅಕ್ಟೋಬರ್ ಕೊನೆಯಲ್ಲಿ ಅಲೆಕ್ಸಾಂಡರ್ ಎದೆಯ ಸ್ನಾಯು ಹರಿದುಕೊಂಡಿದ್ದರಿಂದ ಅವನ ಜಾಗಕ್ಕೆ ಬಂದ ಮೊದಲ ವರ್ಷದ ಹುಡುಗ ಈ ಗ್ರೀನ್‌ಲಾ.

ವಾರ್ನರ್‌ನ ಬೆಲೆ ತಿಳಿಯಲು 2023ರ ಜನವರಿಯಲ್ಲಿ ಡಲ್ಲಾಸ್ ವಿರುದ್ಧ 19-12ರಲ್ಲಿ ಗೆದ್ದ ಪಂದ್ಯ ನೋಡಿ. ಡಲ್ಲಾಸ್‌ನ ಅತ್ಯುತ್ತಮ ರಿಸೀವರ್ ಸೀಡೀ ಲ್ಯಾಂಬ್ ನಡುವಿನಿಂದ ಆಳಕ್ಕೆ ಓಡುತ್ತಾನೆ, ಅವನ ಹೆಗಲಿಗೆ ಹೆಗಲು ಕೊಟ್ಟು ಓಡಿ ಪಾಸ್ ತಪ್ಪಿಸುವವನು ಒಬ್ಬ ಲೈನ್‌ಬ್ಯಾಕರ್! ಇಂಥವನು ನಡುವೆ ಇದ್ದರೆ ಡಿಫೆನ್ಸ್‌ನ ನಕ್ಷೆಯೇ ಬೇರೆ. 2025ರಲ್ಲಿ ವಾರ್ನರ್‌ಗೆ ವರ್ಷಕ್ಕೆ 21 ಮಿಲಿಯನ್ ಡಾಲರ್‌ನಂತೆ ಮೂರು ವರ್ಷ ಒಪ್ಪಂದ ಬೆಳೆಸಿದ್ದನ್ನು ಅದಕ್ಕೇ ನಾನು ಪೂರ್ತಿ ಒಪ್ಪುತ್ತೇನೆ. ಹೊರಗಿನಿಂದ ಬಂದವನಿಗೆ ಕುರುಡಾಗಿ ಸುರಿದ ದುಡ್ಡಲ್ಲ ಅದು. ತಾವೇ ಬೆಳೆಸಿ, ಕಣ್ಣಾರೆ ಕಂಡು ಕೊಟ್ಟಿದ್ದು.

ಬೆಳೆಸಿದವರಲ್ಲಿ ಡಿಮೆಕೊ ರಯನ್ಸ್ ಹೆಸರು ಬಿಡುವಂತಿಲ್ಲ. ತಾವೂ ಲೈನ್‌ಬ್ಯಾಕರ್ ಆಗಿದ್ದವರು, 2006ರ ಅತ್ಯುತ್ತಮ ಹೊಸ ಡಿಫೆನ್ಸ್ ಆಟಗಾರ ಪ್ರಶಸ್ತಿ ಪಡೆದವರು. ವಾರ್ನರ್ ಬಂದ ವರ್ಷದಿಂದಲೇ ಅವನಿಗೆ ಕೋಚ್ ಆಗಿದ್ದರು, ಈಗ ಹ್ಯೂಸ್ಟನ್‌ನ ಮುಖ್ಯ ಕೋಚ್. ಲೈನ್‌ಬ್ಯಾಕರ್‌ಗೆ ಕಲಿಸುವುದರಲ್ಲಿ ಅರ್ಧಕ್ಕರ್ಧ ಕಣ್ಣಿನ ಶಿಸ್ತು. ಚೆಂಡನ್ನು ನೋಡಬೇಡ, ಗಾರ್ಡ್‌ನ ಮೊದಲ ಹೆಜ್ಜೆ ನೋಡು. ಅವನು ಮುಂದಕ್ಕೆ ಬಂದರೆ ಓಟ, ಹಿಂದಕ್ಕೆ ಸರಿದರೆ ಪಾಸ್, ಪಕ್ಕಕ್ಕೆ ಓಡಿದರೆ ಅವನ ಹಿಂದೆಯೇ ಹೋಗು. ಚೆಂಡು ಕೊಟ್ಟಂತೆ ನಟಿಸಿ ಪಾಸ್ ಮಾಡುವ ಪ್ಲೇ-ಆಕ್ಷನ್‌ಗೆ ಎರಡು ಹೆಜ್ಜೆ ಮುಂದಕ್ಕೆ ಬಂದರೆ ಸಾಕು, ಬೆನ್ನ ಹಿಂದೆ ರಿಸೀವರ್ ಖಾಲಿ ಬಿದ್ದಿರುತ್ತಾನೆ. ನಿಮ್ಮ ತಂಡದ ಲೈನ್‌ಬ್ಯಾಕರ್ ಸದಾ ಅರ್ಧ ಸೆಕೆಂಡ್ ತಡವಾಗುತ್ತಿದ್ದರೆ ಅವನನ್ನು ಬದಲಿಸುವ ಮೊದಲು ಅವನ ಕೋಚ್ ಕಡೆ ನೋಡಿ.

ಬೇರೆ ತಂಡದ ಒಂದು ಉದಾಹರಣೆ ಕೊಡದಿದ್ದರೆ ನನ್ನ ಮಾತು ಊರಭಿಮಾನ ಅನ್ನಿಸಬಹುದು. ಫಿಲಡೆಲ್ಫಿಯಾ ಈಗಲ್ಸ್ 2022ರ ಮೊದಲ ಸುತ್ತಿನಲ್ಲಿ ಟ್ಯಾಕಲ್ ಜೋರ್ಡನ್ ಡೇವಿಸ್, 2023ರಲ್ಲಿ ಮತ್ತೆ ಟ್ಯಾಕಲ್ ಜೇಲನ್ ಕಾರ್ಟರ್, ಅದೇ ಸುತ್ತಿನಲ್ಲಿ ಅಂಚಿಗೆ ನೋಲನ್ ಸ್ಮಿತ್ ಹೀಗೆ ಸಾಲಿಗೇ ಸುರಿಯಿತು. ಲೈನ್‌ಬ್ಯಾಕರ್ ಜಾಗಕ್ಕೆ 2024ರಲ್ಲಿ ತಂದದ್ದು ಝ್ಯಾಕ್ ಬಾನ್ ಎಂಬವನನ್ನು. ಒಂದು ವರ್ಷಕ್ಕೆ 3.5 ಮಿಲಿಯನ್, ಎನ್‌ಎಫ್‌ಎಲ್ ಲೆಕ್ಕದಲ್ಲಿ ಪುಡಿಗಾಸು. ಹಿಂದಿನ ತಂಡದಲ್ಲಿ ಅಂಚಿನಲ್ಲೂ ಕಿಕ್‌ಗಳ ವೇಳೆ ಆಡುವ ಸ್ಪೆಷಲ್ ಟೀಮ್ಸ್‌ನಲ್ಲೂ ಕಾಲ ಹಾಕಿದ್ದ ಅವನನ್ನು ಡಿಫೆನ್ಸ್ ಕೋಚ್ ವಿಕ್ ಫ್ಯಾಂಜಿಯೊ ನಡುವೆ ನಿಲ್ಲಿಸಿದರು. ಅದೇ ವರ್ಷ ಅವನು ಫಸ್ಟ್ ಟೀಮ್ ಆಲ್-ಪ್ರೋ, ಅಂದರೆ ಲೀಗ್‌ನ ಆ ವರ್ಷದ ಅತ್ಯುತ್ತಮರ ಪಟ್ಟಿಯಲ್ಲಿ ಒಬ್ಬ. 2025ರ ಫೆಬ್ರವರಿಯ ಸೂಪರ್ ಬೌಲ್‌ನಲ್ಲಿ ಈಗಲ್ಸ್ ಒಂದೇ ಒಂದು ಬ್ಲಿಟ್ಜ್ (ನಾಲ್ವರಿಗಿಂತ ಹೆಚ್ಚು ಜನರನ್ನು ನುಗ್ಗಿಸುವುದು) ಮಾಡದೆ, ಬರೀ ನಾಲ್ವರನ್ನು ಕಳಿಸಿ ಕ್ಯಾನ್ಸಸ್ ಸಿಟಿಯ ಕ್ವಾರ್ಟರ್‌ಬ್ಯಾಕ್ ಪ್ಯಾಟ್ರಿಕ್ ಮಹೋಮ್ಸ್‌ನನ್ನು 6 ಸಲ ಕೆಡವಿತು, 40-22ರಿಂದ ಗೆದ್ದಿತು. ನಾಲ್ವರೇ ಸಾಕಾದ್ದರಿಂದ ಉಳಿದ ಏಳು ಜನ ಹಿಂದೆ ಕಾಯುತ್ತಿದ್ದರು. ಬಾನ್ ಒಂದು ಪಾಸ್ ಕಸಿದದ್ದೂ ಆ ಏಳರಲ್ಲಿ ಒಬ್ಬನಾಗಿ ನಿಂತೇ.

ಬ್ಲಿಟ್ಜ್ ಜಾಸ್ತಿ ಮಾಡಿದರೆ ಸರಿಹೋಗದೇ ಎಂದೂ ನೀವು ಕೇಳಬಹುದು. ನಾಲ್ವರಿಂದ ಒತ್ತಡ ಹಾಕಲಾಗದ ತಂಡ ಲೈನ್‌ಬ್ಯಾಕರ್‌ನನ್ನೂ ಮುಂದಕ್ಕೆ ಕಳಿಸುತ್ತದೆ, ಆಗ ಅವನು ಬಿಟ್ಟ ಜಾಗಕ್ಕೇ ಚೆಂಡು ಬೀಳುತ್ತದೆ. ಒಳ್ಳೆಯ ಕ್ವಾರ್ಟರ್‌ಬ್ಯಾಕ್‌ಗಳು ಅದಕ್ಕಾಗಿಯೇ ಕಾದಿರುತ್ತಾರೆ. ಆಗೊಮ್ಮೆ ಈಗೊಮ್ಮೆ ಸರಿ, ಅದನ್ನೇ ನೆಚ್ಚಿಕೊಳ್ಳಬಾರದು.

ಇನ್ನು ದುಡ್ಡಿನ ಹಂಚಿಕೆ. ನನ್ನ ಕೈಯಲ್ಲಿ ನಿಮ್ಮ ತಂಡ ಇದ್ದರೆ ಮೊದಲ ಎರಡು ಸುತ್ತಿನ ಆಯ್ಕೆಗಳನ್ನು ಸಾಲಿಗೇ ಇಡುತ್ತೇನೆ, ಅದರಲ್ಲಿ ಒಂದು ಇಬ್ಬರನ್ನು ತಡೆದು ನಿಲ್ಲಬಲ್ಲ ಟ್ಯಾಕಲ್‌ಗೆ. ಲೈನ್‌ಬ್ಯಾಕರ್‌ಗಳನ್ನು ಮೂರನೇ ಸುತ್ತಿನಿಂದ ಕೆಳಗೆ, ಪ್ರತಿ ವರ್ಷ ಒಬ್ಬೊಬ್ಬರಂತೆ ತರುತ್ತೇನೆ. ಬೋಸಾನಂಥವನಿಗೆ ವರ್ಷಕ್ಕೆ 34 ಮಿಲಿಯನ್ ಕೊಟ್ಟಿದ್ದಾರೆ, ಅವನು 2022ರಲ್ಲಿ 18.5 ಸ್ಯಾಕ್ ಮಾಡಿದವನು, ಕೊಡಲೇಬೇಕು. ಆದರೆ ಅವನ ಹಿಂದೆ ನಾಲ್ಕೈದು ಜನ ಸರದಿಯ ಮೇಲೆ ಆಡುವವರು ಬೇಕು. 2025ರಲ್ಲಿ ಬೋಸಾ ಮೂರನೇ ವಾರದಲ್ಲೇ ಮೊಣಕಾಲಿನ ಎಸಿಎಲ್ ಅಸ್ಥಿರಜ್ಜು ಹರಿದುಕೊಂಡ. ಅಕ್ಟೋಬರ್‌ನಲ್ಲಿ ಟ್ಯಾಂಪಾದಲ್ಲಿ ವಾರ್ನರ್‌ನ ಪಾದದ ಗಂಟು ಮುರಿದು ಅವನೂ ಹೊರಬಿದ್ದ. ಎರಡು ತಿಂಗಳೊಳಗೆ ಡಿಫೆನ್ಸ್‌ನ ಎರಡು ಕಂಬ ಹೋದಾಗ ಆಡಬೇಕಾದವರು ಆ ಸರದಿಯ ಹುಡುಗರೇ. ಹಾಗಾಗಿ ಮುಂದಿನ ಡ್ರಾಫ್ಟ್‌ನಲ್ಲಿ ನಿಮ್ಮ ತಂಡ ಮತ್ತೊಬ್ಬ ಟ್ಯಾಕಲ್ ತಂದರೆ ಬೇಸರ ಮಾಡಿಕೊಳ್ಳಬೇಡಿ, ನಾನಂತೂ ಚಪ್ಪಾಳೆ ತಟ್ಟುತ್ತೇನೆ.